ನಾಯಿಗೆ ಲಸಿಕೆ ಎಷ್ಟು ದಿನಕ್ಕೊಮ್ಮೆ? ಒಂದೊಂದು ಸೂಜಿಗೆ ಒಂದೊಂದು ಗಡುವು

‘ಪ್ರತಿ ವರ್ಷವೂ ಎಲ್ಲ ಲಸಿಕೆ ಹಾಕಿಸಲೇಬೇಕೇ?’ ನಾಯಿ ಸಾಕಿದವರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಎರಡು ಪಂಗಡ. ಪುಸ್ತಕದಲ್ಲಿ ಬರೆದ ತಾರೀಖು ಒಂದು ದಿನ ದಾಟಿದರೂ ನಿದ್ದೆ ಕೆಡಿಸಿಕೊಳ್ಳುವವರು ಒಂದು ಕಡೆ. ಮರಿಯಾಗಿದ್ದಾಗ ಎರಡು ಸೂಜಿ ಹಾಕಿಸಿ, ‘ಕಾಂಪೌಂಡ್ ದಾಟಿ ಹೋಗುವುದಿಲ್ಲವಲ್ಲ, ಇನ್ನೇನು ಬೇಕು’ ಎಂದು ಪುಸ್ತಕವನ್ನು ಬೀರುವಿಗೆ ಸೇರಿಸಿದವರು ಇನ್ನೊಂದು ಕಡೆ. ಇಬ್ಬರೂ ಎಲ್ಲ ಲಸಿಕೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಎಡವುವುದು ಅಲ್ಲೇ.

ಚಿಕ್ಕ ಉತ್ತರ ಬೇಕೆಂದರೆ ಇಷ್ಟು: ರೇಬೀಸ್ ಮತ್ತು ಇಲಿ ಜ್ವರದ ಲಸಿಕೆ ವರ್ಷಕ್ಕೊಮ್ಮೆ. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಲಸಿಕೆ, ಮರಿಯ ಕಾಲದ ಸರಣಿ ಸರಿಯಾಗಿ ಮುಗಿದಿದ್ದರೆ, ಮೂರು ವರ್ಷಕ್ಕೊಮ್ಮೆ. ಈ ‘ಸರಿಯಾಗಿ ಮುಗಿದಿದ್ದರೆ’ ಎಂಬ ಮಾತಿನಲ್ಲೇ ಗಂಟು ಇದೆ. ಅದನ್ನು ಬಿಡಿಸಲು ಕೆಳಗಿನ ಹಂತಗಳು.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು: ನಾಯಿಯ ಲಸಿಕೆ ಪುಸ್ತಕ, ಅದು ಹುಟ್ಟಿದ ದಿನಾಂಕ (ಅಂದಾಜಾದರೂ ಸರಿ), ಒಂದು ಕ್ಯಾಲೆಂಡರ್.

1. ಮೊದಲು ಪುಸ್ತಕ ಓದಿ

ಲಸಿಕೆ ಹಾಕಿದ ಮೇಲೆ ವೈದ್ಯರು ಸೀಸೆಯ ಮೇಲಿನ ಪುಟ್ಟ ಸ್ಟಿಕ್ಕರ್ ಕಿತ್ತು ಪುಸ್ತಕದಲ್ಲಿ ಅಂಟಿಸುತ್ತಾರೆ. ಬೆರಳ ಉಗುರಿನಷ್ಟು ಅಗಲದ ಆ ಚೀಟಿಯಲ್ಲಿ ಲಸಿಕೆಯ ಹೆಸರು, ತಯಾರಿಕೆಯ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಎಲ್ಲವೂ ಇರುತ್ತವೆ. ಹೆಸರಿನ ಜೊತೆಗಿರುವ ಅಕ್ಷರಗಳನ್ನು ಹೀಗೆ ಓದಿ:

- ಡಿ: ಡಿಸ್ಟೆಂಪರ್. ಜ್ವರ, ಕಣ್ಣು ಮೂಗಿನಲ್ಲಿ ಗೀಜು, ಆಮೇಲೆ ನರಗಳಿಗೆ ಇಳಿದು ಅದುರು ಮತ್ತು ಸೆಳೆತ ತರುವ ವೈರಸ್ ರೋಗ.
- ಎಚ್ ಅಥವಾ ಎ: ಅಡೆನೊವೈರಸ್. ನಾಯಿಗಳಲ್ಲಿ ಯಕೃತ್ತಿನ ಉರಿಯೂತ, ಅಂದರೆ ಹೆಪಟೈಟಿಸ್ ತರುವುದು ಇದೇ.
- ಪಿ: ಪಾರ್ವೊ. ವಾಂತಿ, ರಕ್ತಬೇಧಿ. ಮರಿಗಳನ್ನು ಎರಡು ಮೂರು ದಿನದಲ್ಲೇ ಬಲಿ ತೆಗೆದುಕೊಳ್ಳಬಲ್ಲದು.
- ಪಿಐ: ಪ್ಯಾರಾ ಇನ್‌ಫ್ಲುಯೆಂಜಾ. ಕೆಮ್ಮು.
- ಎಲ್: ಲೆಪ್ಟೊಸ್ಪೈರೋಸಿಸ್, ನಮ್ಮ ಮಾತಿನಲ್ಲಿ ಇಲಿ ಜ್ವರ. ವೈರಸ್ ಅಲ್ಲ, ಬ್ಯಾಕ್ಟೀರಿಯಾ.
- ಆರ್: ರೇಬೀಸ್.
- ಸಿ ಅಥವಾ ಸಿವಿ: ನಾಯಿಗಳ ಕೊರೊನಾ. ಮನುಷ್ಯರ ಕೋವಿಡ್‌ಗೂ ಇದಕ್ಕೂ ಸಂಬಂಧವಿಲ್ಲ.

ಎಚ್ಚರಿಕೆ: ‘ಸೆವೆನ್ ಇನ್ ಒನ್’, ‘ನೈನ್ ಇನ್ ಒನ್’ ಎಂಬ ಸಂಖ್ಯೆ ನೋಡಿ ದೊಡ್ಡದೇ ಒಳ್ಳೆಯದೆಂದು ತಿಳಿಯಬೇಡಿ. ಮೂಲದ ನಾಲ್ಕೈದು ಎರಡರಲ್ಲೂ ಒಂದೇ. ಸಂಖ್ಯೆ ಏರುವುದು ಸಾಮಾನ್ಯವಾಗಿ ಇಲಿ ಜ್ವರದ ಬೇರೆ ಬೇರೆ ತಳಿಗಳು ಮತ್ತು ಕೊರೊನಾ ಸೇರಿದಾಗ. ಸ್ಟಿಕ್ಕರ್ ಇಲ್ಲದೆ ಬರೀ ‘ಬೂಸ್ಟರ್ ಕೊಟ್ಟಿದೆ’ ಎಂದು ಪೆನ್ನಿನಲ್ಲಿ ಗೀಚಿದ್ದರೆ ಅದನ್ನು ದಾಖಲೆಯೆಂದು ಪರಿಗಣಿಸಬೇಡಿ. ನಮ್ಮ ಹಿಂದಿನ ನಾಯಿಯ ಪುಸ್ತಕದಲ್ಲಿ ಒಂದು ವರ್ಷ ಹೀಗೇ ಆಗಿ, ಯಾವ ಲಸಿಕೆ ಎಂದು ಕೊಟ್ಟವರಿಗೂ ನೆನಪಿಲ್ಲದೆ, ಇಲಿ ಜ್ವರದ್ದನ್ನು ಮೊದಲಿನಿಂದ ಹಾಕಿಸಬೇಕಾಯಿತು.

2. ಮರಿಯಾದರೆ, 16 ವಾರದ ಗೆರೆಯನ್ನು ದಾಟಿಸಿ

ಈ ಲೇಖನದಲ್ಲಿ ಒಂದೇ ಹಂತವನ್ನು ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

ಹಸು ಕರು ಹಾಕಿದಾಗಿನ ಗಿಣ್ಣು ಹಾಲು ನಿಮಗೆ ಗೊತ್ತು. ನಾಯಿಮರಿಗೂ ತಾಯಿಯ ಮೊದಲ ದಿನದ ಹಾಲಿನಲ್ಲಿ ರೋಗ ತಡೆಯುವ ಪ್ರತಿಕಾಯಗಳು ಸಿಗುತ್ತವೆ. ಪ್ರತಿಕಾಯ ಎಂದರೆ ರಕ್ತದಲ್ಲಿ ಕಾವಲಿರುವ, ಬಂದ ವೈರಸ್ಸನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರೋಟೀನ್. ತೊಡಕೆಂದರೆ, ಈ ಕಾವಲು ಲಸಿಕೆಯ ವೈರಸ್ಸನ್ನೂ ಕಳ್ಳನೆಂದೇ ಹಿಡಿಯುತ್ತದೆ. ತಾಯಿಯಿಂದ ಬಂದ ಪ್ರತಿಕಾಯ ಗಟ್ಟಿಯಾಗಿರುವಾಗ ಲಸಿಕೆ ಹಾಕಿದರೆ ಮರಿಯ ಮೈ ಸ್ವತಃ ಏನನ್ನೂ ಕಲಿಯುವುದಿಲ್ಲ. ಸೂಜಿ ಚುಚ್ಚಿದ್ದು ಹೌದು, ದುಡ್ಡು ಕೊಟ್ಟದ್ದೂ ಹೌದು, ರಕ್ಷಣೆ ಮಾತ್ರ ಇಲ್ಲ.

ಈ ತಾಯಿಯ ಕಾವಲು ಕೆಲವು ಮರಿಗಳಲ್ಲಿ ಎಂಟನೇ ವಾರಕ್ಕೇ ಇಳಿದುಹೋಗುತ್ತದೆ, ಕೆಲವದರಲ್ಲಿ ಹದಿನಾಲ್ಕು ಹದಿನೈದು ವಾರದವರೆಗೂ ಇರುತ್ತದೆ. ಒಂದೇ ಸೂಲಿನ ಮರಿಗಳಲ್ಲೂ ವ್ಯತ್ಯಾಸ. ಯಾವ ಮರಿಗೆ ಯಾವಾಗ ಎಂದು ನೋಡಿ ಹೇಳಲಾಗದು. ಅದಕ್ಕಾಗಿಯೇ ಮರಿಗೆ ಮೇಲಿಂದ ಮೇಲೆ ಲಸಿಕೆ. ಒಂದಕ್ಕೊಂದು ಸೇರಿ ಬಲ ಬರಲಿ ಎಂದಲ್ಲ, ಯಾವುದಾದರೂ ಒಂದು ಸರಿಯಾದ ಹೊತ್ತಿಗೆ ಬೀಳಲಿ ಎಂದು.

ವಿಶ್ವ ಸಣ್ಣಪ್ರಾಣಿ ಪಶುವೈದ್ಯರ ಸಂಘದ ಮಾರ್ಗಸೂಚಿ (ಇತ್ತೀಚಿನ ಪರಿಷ್ಕರಣೆ 2024ರದ್ದು) ಹೇಳುವುದು ಇದನ್ನೇ: 6ರಿಂದ 8 ವಾರದ ನಡುವೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ ಕೊಡುತ್ತಾ, ಕೊನೆಯದನ್ನು 16 ವಾರ ತುಂಬಿದ ಮೇಲೆ ಕೊಡಿ.

ಜನವರಿ 10ಕ್ಕೆ ಹುಟ್ಟಿದ ಮರಿಯ ಲೆಕ್ಕ ಹಾಕಿ ತೋರಿಸುತ್ತೇನೆ. ಎಂಟು ವಾರ ತುಂಬುವುದು ಮಾರ್ಚ್ 7ಕ್ಕೆ, ಅಂದು ಮೊದಲ ಡೋಸ್. ಹನ್ನೆರಡು ವಾರ ಏಪ್ರಿಲ್ 4ಕ್ಕೆ, ಅಂದು ಎರಡನೆಯದು, ಜೊತೆಗೆ ರೇಬೀಸ್ ಮತ್ತು ಇಲಿ ಜ್ವರದ ಮೊದಲ ಡೋಸ್. ಹದಿನಾರು ವಾರ ಮೇ 2ಕ್ಕೆ, ಅಂದು ಮೂರನೆಯದು ಮತ್ತು ಇಲಿ ಜ್ವರದ ಎರಡನೆಯದು. ಇದು ಪಂಚಾಂಗದಲ್ಲಿ ಬರೆದ, ಘಳಿಗೆ ತಪ್ಪಬಾರದ ಮುಹೂರ್ತವಲ್ಲ. ನಾಲ್ಕು ದಿನ ಆಚೀಚೆಯಾದರೆ ಏನೂ ಆಗದು. ಆದರೆ ಕೊನೆಯದು ಮೇ 2ರ ಹಿಂದೆ ಬೀಳಬಾರದು, ಮುಂದೆ ಬೀಳಬಹುದು.

ಎಚ್ಚರಿಕೆ: ಅತಿ ಸಾಮಾನ್ಯವಾದ ತಪ್ಪು ಇಲ್ಲಿಯೇ ಆಗುತ್ತದೆ. ಮಾರಿದವರು ‘ಎರಡು ಲಸಿಕೆ ಆಗಿದೆ ಸಾರ್’ ಎಂದಿರುತ್ತಾರೆ. ಆ ಎರಡೂ 5 ಮತ್ತು 8ನೇ ವಾರದಲ್ಲಿ ಆಗಿರುತ್ತವೆ. ಮನೆಯವರು ಇನ್ನೊಂದು ಹಾಕಿಸಿ ಮೂರಾಯಿತೆಂದು ನಿಲ್ಲಿಸುತ್ತಾರೆ. ಡೋಸ್‌ಗಳನ್ನು ಎಣಿಸಬೇಡಿ, ವಾರಗಳನ್ನು ಎಣಿಸಿ.

ಇನ್ನೊಂದು ಮಾತು. ಲಸಿಕೆ ಮುಗಿಯುವವರೆಗೆ ಮರಿಯನ್ನು ಹೊರಗೆ ತೋರಿಸಲೇಬಾರದೆಂದು ಕೂಡಿಹಾಕಬೇಡಿ. ಮೂರರಿಂದ ಸುಮಾರು ಹದಿನಾಲ್ಕು ವಾರದ ನಡುವೆ ಮರಿ ಲೋಕವನ್ನು ಕಲಿಯುತ್ತದೆ. ನೆಲಕ್ಕೆ ಬಿಡದೆ ತೋಳಿನಲ್ಲಿ ಎತ್ತಿಕೊಂಡು ಆಟೊ, ಮಕ್ಕಳು, ಪಟಾಕಿಯ ಸದ್ದು ಎಲ್ಲದರ ಪರಿಚಯ ಮಾಡಿಸಿ. ಬೀದಿಯ ಮಣ್ಣು, ಗೊತ್ತಿಲ್ಲದ ನಾಯಿಗಳು ಬೇಡ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ನಿಮ್ಮ ಚಪ್ಪಲಿಯಲ್ಲೂ ಮನೆಗೆ ಬರುತ್ತದೆ. ‘ಹೊರಗೇ ಬಿಡುವುದಿಲ್ಲ’ ಎನ್ನುವವರಿಗೆ ಉತ್ತರವೂ ಇದೇ.

3. ಆರು ತಿಂಗಳಿಗೆ ಇನ್ನೊಂದು

16 ವಾರಕ್ಕೂ ತಾಯಿಯ ಕಾವಲು ಇಳಿಯದ ಮರಿಗಳು ಕೆಲವು ಇರುತ್ತವೆ. ಅವುಗಳನ್ನು ಹಿಡಿಯಲೆಂದೇ ಮುಂದಿನ ಡೋಸ್. ಮೊದಲು ಇದನ್ನು ವರ್ಷ ತುಂಬಿದ ಮೇಲೆ ಕೊಡುವ ರೂಢಿಯಿತ್ತು. ಈಗ 26 ವಾರಕ್ಕೆ, ಅಂದರೆ ಆರು ತಿಂಗಳಿಗೇ ಕೊಡುವುದು ಮೇಲೆಂದು ಮಾರ್ಗಸೂಚಿ ಹೇಳುತ್ತದೆ. ಲಸಿಕೆ ಹತ್ತದೆ ಉಳಿದ ಮರಿ ಸುಮ್ಮನೆ ವರ್ಷ ತುಂಬುವವರೆಗೆ ಬಯಲಿನಲ್ಲಿ ಯಾಕಿರಬೇಕು? ನಮ್ಮ ಜನವರಿ ಮರಿಗೆ ಇದು ಜುಲೈ 11ರ ನಂತರ ಬರುತ್ತದೆ.

4. ದೊಡ್ಡ ನಾಯಿಯ ಮೂರು ವರ್ಷದ ಲೆಕ್ಕ

ಮರಿಯಲ್ಲಿ ಲಸಿಕೆ ಏಕೆ ಹತ್ತುವುದಿಲ್ಲ ಎಂಬುದು ಅರ್ಥವಾದರೆ ದೊಡ್ಡ ನಾಯಿಗೆ ಪ್ರತಿ ವರ್ಷ ಏಕೆ ಬೇಡ ಎಂಬುದೂ ಅರ್ಥವಾದಂತೆಯೇ. ಕಾರಣ ಒಂದೇ.

ಡಿಸ್ಟೆಂಪರ್, ಅಡೆನೊ, ಪಾರ್ವೊ ಲಸಿಕೆಗಳಲ್ಲಿ ಇರುವುದು ಬಲಗುಂದಿಸಿದ ಜೀವಂತ ವೈರಸ್. ಅದು ಮೈಯಲ್ಲಿ ಸ್ವಲ್ಪ ಬೆಳೆದು, ನಿಜವಾದ ಸೋಂಕಿನಂತೆ ನಟಿಸಿ, ಮೈಗೆ ಪಾಠ ಕಲಿಸುತ್ತದೆ. ಆ ನೆನಪು ಹಲವು ವರ್ಷ ಉಳಿಯುತ್ತದೆ. ಈಗ ನಾಯಿಯ ರಕ್ತದಲ್ಲಿ ಅದರದೇ ಸ್ವಂತ ಕಾವಲು ಇದೆ. ಮರುವರ್ಷ ಮತ್ತೆ ಅದೇ ಲಸಿಕೆ ಚುಚ್ಚಿದರೆ ಆ ಕಾವಲು ಲಸಿಕೆಯ ವೈರಸ್ಸನ್ನು ಬೆಳೆಯುವ ಮೊದಲೇ ಹಿಡಿದುಹಾಕುತ್ತದೆ. ಮರಿಯಲ್ಲಿ ತಾಯಿಯ ಪ್ರತಿಕಾಯ ಮಾಡಿದ್ದನ್ನೇ ಇಲ್ಲಿ ಸ್ವಂತ ಪ್ರತಿಕಾಯ ಮಾಡುತ್ತದೆ. ತುಂಬಿದ ಕೊಡಕ್ಕೆ ನೀರು ಸುರಿದಂತೆ.

ಹಾಗಾಗಿ ಆರು ತಿಂಗಳ ಡೋಸ್ ಆದ ಮೇಲೆ ಈ ಮೂರಕ್ಕೆ ಮೂರು ವರ್ಷಕ್ಕಿಂತ ಬೇಗ ಬೇಡ.

ಆದರೂ ಬಹಳ ಕಡೆ ವರ್ಷಕ್ಕೊಮ್ಮೆ ಎಲ್ಲವನ್ನೂ ಸೇರಿಸಿ ಹಾಕುತ್ತಾರಲ್ಲ? ವೈದ್ಯರೆಲ್ಲ ದುಡ್ಡಿಗಾಗಿ ಮಾಡುತ್ತಾರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಲಸಿಕೆಗಳ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ‘ವರ್ಷಕ್ಕೊಮ್ಮೆ’ ಎಂದೇ ಮುದ್ರಿಸಿರುತ್ತದೆ, ಅದನ್ನು ಮೀರಿ ಕೊಡದೆ ಬಿಟ್ಟರೆ ಹೊಣೆ ವೈದ್ಯರದಾಗುತ್ತದೆ. ಇಲಿ ಜ್ವರದ್ದು ಬಿಡಿಯಾಗಿ ಸಿಗದೆ ಬಾಕಿಯವುಗಳ ಜೊತೆಯ ಸೀಸೆಯಲ್ಲಷ್ಟೇ ಸಿಗುವ ಊರುಗಳೂ ಇವೆ. ಮರಿಯ ಕಾಲದ ಸರಣಿ ಅರ್ಧಕ್ಕೆ ನಿಂತಿರುವ ನಾಯಿಗಳೇ ಹೆಚ್ಚು ಬರುವ ಚಿಕಿತ್ಸಾಲಯದಲ್ಲಿ ವರ್ಷಕ್ಕೊಮ್ಮೆ ಕೊಡುವುದೇ ಕ್ಷೇಮ ಎಂದು ವೈದ್ಯರಿಗೆ ಅನ್ನಿಸಿದರೆ ತಪ್ಪೆನ್ನಲಾರೆ. ಸುತ್ತಮುತ್ತ ಡಿಸ್ಟೆಂಪರ್ ಹಬ್ಬಿದ್ದರೂ ಅವರ ಮಾತೇ ನಡೆಯಲಿ.

ನೀವು ಮಾಡಬೇಕಾದ್ದು ಜಗಳವಲ್ಲ. ಪುಸ್ತಕ ಮುಂದಿಟ್ಟು ಹೀಗೆ ಕೇಳಿ: ‘ಡಾಕ್ಟರೇ, 16 ವಾರದ ಮೇಲಿನದೂ ಆಗಿದೆ, ಆರು ತಿಂಗಳದ್ದೂ ಆಗಿದೆ. ಈ ವರ್ಷ ರೇಬೀಸ್ ಮತ್ತು ಲೆಪ್ಟೊ ಮಾತ್ರ ಸಾಕೇ?’ ದಾಖಲೆ ಸರಿಯಿದ್ದರೆ ಹೆಚ್ಚಿನವರು ಒಪ್ಪುತ್ತಾರೆ. ಅನುಮಾನವಿದ್ದರೆ ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ನೋಡುವ ಟೈಟರ್ ಪರೀಕ್ಷೆ ಇದೆ. ದೊಡ್ಡ ನಗರಗಳ ಕೆಲವು ಚಿಕಿತ್ಸಾಲಯಗಳಲ್ಲಿ ಮಾಡುತ್ತಾರೆ. ಪರೀಕ್ಷೆಯ ಖರ್ಚು ಲಸಿಕೆಗಿಂತ ಹೆಚ್ಚಾಗಬಹುದು. ಹಿಂದೆ ಲಸಿಕೆಗೆ ಮೈ ಊದಿದ ನಾಯಿಗೆ ಅಥವಾ ಕಾಯಿಲೆಯ ಮುದಿ ನಾಯಿಗೆ ಅದು ಯೋಗ್ಯ, ಆರೋಗ್ಯವಾಗಿರುವ ಎಲ್ಲ ನಾಯಿಗೂ ಬೇಕಿಲ್ಲ.

ಎಚ್ಚರಿಕೆ: ಮೂರು ವರ್ಷಕ್ಕೊಮ್ಮೆ ಎಂದರೆ ಮೂರು ವರ್ಷ ವೈದ್ಯರ ಮುಖ ನೋಡಬೇಡಿ ಎಂದಲ್ಲ. ಹಲ್ಲು, ತೂಕ, ಹೃದಯ, ಉಣ್ಣಿ ಇವೆಲ್ಲ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕಾದವು.

5. ರೇಬೀಸ್: ಇಲ್ಲಿ ಚೌಕಾಸಿ ಇಲ್ಲ

ಮೊದಲ ಡೋಸ್ 12 ವಾರಕ್ಕೆ. ನಮ್ಮಲ್ಲಿ ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು ಕೊಡುವ ಪದ್ಧತಿ ಇದೆ, ರೋಗ ಇಷ್ಟು ಹರಡಿರುವ ದೇಶದಲ್ಲಿ ಅದು ಸರಿಯೇ. ಆಮೇಲೆ ವರ್ಷಕ್ಕೊಮ್ಮೆ.

ಮೂರು ವರ್ಷ ಬಾಳುತ್ತದೆಂದು ಪರವಾನಗಿ ಪಡೆದ ರೇಬೀಸ್ ಲಸಿಕೆಗಳು ಜಗತ್ತಿನಲ್ಲಿ ಇವೆ. ಅದನ್ನು ಓದಿ ಕೆಲವರು ಇಲ್ಲಿಯೂ ಮುಂದೂಡುತ್ತಾರೆ. ಬೇಡ. ಇದು ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಗಾಗಲಿ ಮನುಷ್ಯರಿಗಾಗಲಿ ಚಿಕಿತ್ಸೆಯೇ ಇಲ್ಲದ ರೋಗ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದೆ. ಬೆಂಗಳೂರಿನಲ್ಲಿ ಸಾಕುನಾಯಿಗೆ ಪಾಲಿಕೆಯ ಪರವಾನಗಿ ಪಡೆಯಲು ಹೋದರೆ ಮೊದಲು ಕೇಳುವುದೂ ಚಾಲ್ತಿಯಲ್ಲಿರುವ ರೇಬೀಸ್ ಪ್ರಮಾಣಪತ್ರವನ್ನೇ.

ದುಡ್ಡಿನ ತೊಂದರೆ ಇದ್ದವರು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ ಮತ್ತು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಅನೇಕ ಊರುಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತದೆ. ಮೊದಲ ದಿನ ಲೂಯಿ ಪಾಶ್ಚರ್ 1885ರಲ್ಲಿ ಹುಡುಗನೊಬ್ಬನಿಗೆ ಈ ಲಸಿಕೆಯನ್ನು ಮೊದಲು ಕೊಟ್ಟ ದಿನ, ಎರಡನೆಯದು ಅವರು ತೀರಿಕೊಂಡ ದಿನ. ಶಿಬಿರದಲ್ಲಿ ಹಾಕಿಸಿದರೂ ಸ್ಟಿಕ್ಕರ್ ಮತ್ತು ಸಹಿ ಕೇಳಿ ಪಡೆಯಿರಿ.

ಎಚ್ಚರಿಕೆ: ನಿಮ್ಮ ನಾಯಿಗೆ ಬೀದಿನಾಯಿ ಕಚ್ಚಿದರೆ, ಲಸಿಕೆ ಆಗಿದ್ದರೂ, ಗಾಯವನ್ನು ಸೋಪು ನೀರಿನಿಂದ ತೊಳೆದು ಅಂದೇ ವೈದ್ಯರ ಬಳಿ ಹೋಗಿ. ಬರಿಗೈಯಲ್ಲಿ ತೊಳೆಯಬೇಡಿ, ಜೊಲ್ಲು ನಿಮ್ಮ ಕೈಯ ಗಾಯಕ್ಕೆ ತಾಗಬಾರದು. ನಿಮ್ಮ ನಾಯಿಯೇ ಯಾರಿಗಾದರೂ ಕಚ್ಚಿದರೆ ‘ಲಸಿಕೆ ಹಾಕಿಸಿದ್ದೇವೆ, ಏನೂ ಆಗುವುದಿಲ್ಲ’ ಎಂದು ಕಳಿಸಬೇಡಿ. ಕಚ್ಚಿಸಿಕೊಂಡವರು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಡಿ.

ಹೊರದೇಶಕ್ಕೆ ನಾಯಿಯನ್ನು ಕರೆದೊಯ್ಯುವ ಯೋಚನೆ ಇದ್ದರೆ: ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಮೈಕ್ರೊಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಚಿಪ್ ಹಾಕುವ ಮೊದಲು ಕೊಟ್ಟದ್ದು ಲೆಕ್ಕಕ್ಕಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತಪರೀಕ್ಷೆ, ರಕ್ತ ತೆಗೆದು ಮೂರು ತಿಂಗಳಾದ ಮೇಲೆ ಪ್ರಯಾಣ. ನಡುವೆ ಬೂಸ್ಟರ್ ದಿನ ತಪ್ಪಿದರೆ ಮತ್ತೆ ಒಂದರಿಂದ ಶುರು.

6. ಇಲಿ ಜ್ವರ: ಮಳೆಗಾಲಕ್ಕೆ ಮೊದಲು

ಈ ಲಸಿಕೆಯಲ್ಲಿ ಇರುವುದು ಸತ್ತ ಬ್ಯಾಕ್ಟೀರಿಯಾ. ಅದು ಮೈಯಲ್ಲಿ ಬೆಳೆಯದು, ಕಲಿಸಿದ ಪಾಠ ಸುಮಾರು ಒಂದು ವರ್ಷದಲ್ಲಿ ಮಾಸುತ್ತದೆ. ಹಾಗಾಗಿ ಮೊದಲ ಸಲ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ತಪ್ಪದೆ ವರ್ಷಕ್ಕೊಂದು. ಒಂದೇ ಡೋಸ್‌ಗೆ ನಿಲ್ಲಿಸಿದರೆ ಹಾಕಿಸದಂತೆಯೇ.

ಇಲಿಯ ಮೂತ್ರ ಬೆರೆತ ನೀರು, ಕೆಸರು ಇದರ ದಾರಿ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಶಿವಮೊಗ್ಗದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ; ಗದ್ದೆ, ಅಡಿಕೆ ತೋಟ, ದನದ ಕೊಟ್ಟಿಗೆ ಎಲ್ಲ ಕಡೆ ನಾಯಿ ಓಡಾಡುತ್ತದೆ. ನಗರದ ಚರಂಡಿಯ ಹೆಗ್ಗಣಗಳೂ ಕಡಿಮೆಯಲ್ಲ. ನಾಯಿಗೆ ಬಂದರೆ ಅದರ ಮೂತ್ರದಿಂದ ಮನೆಮಂದಿಗೂ ಬರಬಹುದು. ಇದರ ವಾರ್ಷಿಕ ಡೋಸನ್ನು ಏಪ್ರಿಲ್, ಮೇ ತಿಂಗಳಿಗೆ ಹೊಂದಿಸಿಕೊಳ್ಳಿ ಎನ್ನುವುದು ನನ್ನ ಸಲಹೆ. ಮುಂಗಾರು ಹಿಡಿಯುವ ಹೊತ್ತಿಗೆ ರಕ್ಷಣೆ ತಾಜಾ ಆಗಿರುತ್ತದೆ. ನಿಮ್ಮ ನಾಯಿಯದು ಅಕ್ಟೋಬರ್‌ಗೆ ಬರುತ್ತಿದ್ದರೆ ಒಂದು ಸಲ ಮುಂಚಿತವಾಗಿ ಹಾಕಿಸಿ ತಾರೀಖನ್ನು ಸರಿಸಿಕೊಳ್ಳಬಹುದು. ಹಿಂದಕ್ಕೆ ಎಳೆಯಿರಿ, ಮುಂದಕ್ಕೆ ದೂಡಬೇಡಿ.

7. ಬೇಕಾದವರಿಗೆ ಮಾತ್ರ

ಕೆನಲ್ ಕಾಫ್, ಅಂದರೆ ಗುಂಪಿನಲ್ಲಿ ಹರಡುವ ಒಣಕೆಮ್ಮಿನ ಲಸಿಕೆ: ಊರಿಗೆ ಹೋಗುವಾಗ ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಡುವವರು, ಪ್ರದರ್ಶನಕ್ಕೆ ಒಯ್ಯುವವರು ವರ್ಷಕ್ಕೊಮ್ಮೆ ಹಾಕಿಸಿ. ಹೊರಡುವ ಹಿಂದಿನ ದಿನ ಹಾಕಿಸಿದರೆ ಪ್ರಯೋಜನವಿಲ್ಲ. ತೋಟದ ಮನೆಯ ಒಂಟಿ ನಾಯಿಗೆ ಬೇಕಿಲ್ಲ. ನಾಯಿ ಕೊರೊನಾ ಲಸಿಕೆಯನ್ನು ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಅದಕ್ಕಾಗಿ ಪ್ರತ್ಯೇಕ ದುಡ್ಡು ಕೊಡಬೇಡಿ.

8. ದಿನ ತಪ್ಪಿದ್ದರೆ, ಹಿನ್ನೆಲೆ ಗೊತ್ತಿಲ್ಲದಿದ್ದರೆ

ಬೀದಿಯಿಂದ ತಂದ ದೊಡ್ಡ ನಾಯಿಗೆ ತಾಯಿಯ ಪ್ರತಿಕಾಯದ ಅಡ್ಡಿ ಇಲ್ಲ. ಡಿಸ್ಟೆಂಪರ್, ಪಾರ್ವೊ ಗುಂಪಿನದು ಒಂದು ಡೋಸ್ ಸಾಕಾಗುತ್ತದೆ. ಚೀಟಿಯ ಪ್ರಕಾರ ಎರಡು ಕೊಡುವ ವೈದ್ಯರೂ ಇದ್ದಾರೆ, ಅದರಿಂದ ಹಾನಿಯಿಲ್ಲ. ರೇಬೀಸ್ ತಂದ ವಾರವೇ ಆಗಲಿ. ಇಲಿ ಜ್ವರದ್ದು ಎರಡು. ಐದು ವರ್ಷ ಬಿಟ್ಟುಹೋದ ಮನೆನಾಯಿಗೂ ಹೆಚ್ಚುಕಡಿಮೆ ಇದೇ ಲೆಕ್ಕ.

9. ಸೂಜಿಯ ದಿನ

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು. ಔಷಧಿ ಅಂಗಡಿಯಿಂದ ಕೊಂಡು, ಸ್ಕೂಟರ್ ಡಿಕ್ಕಿಯಲ್ಲಿಟ್ಟು, ಬಿಸಿಲಿನಲ್ಲಿ ಮನೆಗೆ ತಂದು ‘ನಾವೇ ಚುಚ್ಚಿಕೊಳ್ಳುತ್ತೇವೆ’ ಎನ್ನುವುದು ಉಳಿತಾಯವಲ್ಲ. ವೈದ್ಯರು ಫ್ರಿಜ್‌ನಿಂದ ತೆಗೆಯುವುದನ್ನು ನೋಡಿ. ಡಿಸ್ಟೆಂಪರ್ ಗುಂಪಿನದು ಎರಡು ಸೀಸೆಯಲ್ಲಿರುತ್ತದೆ: ಒಂದರ ತಳದಲ್ಲಿ ಬಿಳಿ ಬಿಲ್ಲೆಯಂತೆ ಒಣಗಿದ ಲಸಿಕೆ, ಇನ್ನೊಂದರಲ್ಲಿ ದ್ರವ. ದ್ರವವನ್ನು ಬಿಲ್ಲೆಯ ಮೇಲೆ ಬಿಟ್ಟಾಗ ಕಣ್ಣೆದುರೇ ಕರಗುತ್ತದೆ. ಕರಗಿಸಿದ ಮೇಲೆ ತಡಮಾಡದೆ ಚುಚ್ಚಬೇಕು. ಬೆಳಿಗ್ಗೆ ಕರಗಿಸಿಟ್ಟದ್ದು ಮಧ್ಯಾಹ್ನಕ್ಕೆ ಬೇಡ.

ಎಚ್ಚರಿಕೆ: ಪೊಮೆರೇನಿಯನ್‌ಗೂ ಗ್ರೇಟ್ ಡೇನ್‌ಗೂ ಡೋಸ್ ಒಂದೇ. ‘ಪುಟ್ಟ ನಾಯಿ, ಅರ್ಧ ಹಾಕಿ’ ಎನ್ನಬೇಡಿ, ಅರ್ಧ ಡೋಸ್‌ನಿಂದ ಅರ್ಧ ರಕ್ಷಣೆ ಸಿಗುವುದಿಲ್ಲ. ತೀರಾ ಸಣ್ಣ ಜಾತಿಗೆ ಒಂದೇ ದಿನ ಹಲವು ಲಸಿಕೆ ಬೇಡವೆನ್ನಿಸಿದರೆ ಎರಡು ಮೂರು ವಾರದ ಅಂತರದಲ್ಲಿ ಬಿಡಿಸಿ ಹಾಕಿಸಬಹುದು.

ಜ್ವರ, ಬೇಧಿ ಇದ್ದರೆ ಮುಂದೂಡಿ. ಗಬ್ಬದ ನಾಯಿಗೆ ಜೀವಂತ ಲಸಿಕೆ ಬೇಡ, ಗಬ್ಬಕ್ಕೆ ಮೊದಲೇ ಮುಗಿಸಿ. ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಮುಖ, ಕಣ್ಣುರೆಪ್ಪೆ ಊದಿದರೆ, ಮೈಮೇಲೆ ಗಂಧೆ ಎದ್ದರೆ, ವಾಂತಿಯಾದರೆ, ಕುಸಿದುಬಿದ್ದರೆ ಅದು ತುರ್ತು. ಮನೆಗೆ ಬಂದ ಮೇಲಾದರೂ ತಕ್ಷಣ ವಾಪಸು ಓಡಿ. ಒಂದೆರಡು ದಿನ ಮಂಕಾಗಿರುವುದು, ಊಟ ಕಡಿಮೆ ಮಾಡುವುದು, ಚುಚ್ಚಿದ ಕಡೆ ಗೋಲಿಯಷ್ಟು ಗಂಟಾಗುವುದು ಸಹಜ. ಅದಕ್ಕೆ ಮನುಷ್ಯರ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ನಾಯಿಗೆ ಅವು ವಿಷವಾಗಬಲ್ಲವು.

10. ಮುಂದಿನ ತಾರೀಖು ಬರೆಯಿರಿ

ಮನೆಗೆ ಬಂದ ಸಂಜೆಯೇ ಪುಸ್ತಕದ ಆ ಪುಟದ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಸ್ಟಿಕ್ಕರ್‌ಗಳು ವರ್ಷ ಕಳೆದಂತೆ ಉದುರುತ್ತವೆ, ಪುಸ್ತಕವನ್ನು ನಾಯಿಯೇ ತಿಂದ ಮನೆಗಳೂ ಉಂಟು. ಕ್ಯಾಲೆಂಡರ್‌ನಲ್ಲಿ ‘ನಾಯಿ ಲಸಿಕೆ’ ಎಂದಷ್ಟೇ ಗುರುತು ಹಾಕಬೇಡಿ. ‘ರೇಬೀಸ್, ಏಪ್ರಿಲ್’, ‘ಲೆಪ್ಟೊ, ಏಪ್ರಿಲ್’, ‘ಡಿಸ್ಟೆಂಪರ್–ಪಾರ್ವೊ, ಮೂರು ವರ್ಷದ ಮೇಲೆ ಜುಲೈ’ ಎಂದು ಬೇರೆ ಬೇರೆಯಾಗಿ ಬರೆಯಿರಿ. ಮನೆ ಬದಲಿಸಿ ಹೊಸ ವೈದ್ಯರ ಬಳಿ ಹೋದ ದಿನ ಅವರು ಮೊದಲು ಕೈ ಚಾಚುವುದು ಆ ಪುಸ್ತಕಕ್ಕೇ.